ತೆಂಕು ನೀರು

ಬಾಟಲಿಯ ಮೇಲಿನ ಚೀಟಿ ನನ್ನದೇ ಅಕ್ಷರ:
ಶಿರಿಯ ಅಳಿವೆಯಿಂದ ಪಡುವಿಗೆ, ಹತ್ತು ಮಾರು ಆಳ,
ಆಟಿಯ ಮೊದಲ ವಾರ, ಮಳೆ,
ಬಲೆ ಎಳೆದದ್ದು ಹತ್ತು ನಿಮಿಷ.
ಒಳಗೆ ಗಂಜಿತಿಳಿಯಂಥ ಒಂದು ಕದಡು.
ಗಾಜಿನ ತಟ್ಟೆಗೆ ಸುರಿದು ಸೂಜಿಮೊನೆಯಲ್ಲಿ
ಒಂದೊಂದೇ ಸರಿಸುತ್ತೇನೆ:
ಏಡಿಯ ಮರಿ, ಸೀಗಡಿಯ ಮರಿ, ಯಾರದೋ ಮೀಸೆ,
ಮತ್ತೆ, ಅಗೋ, ಬೂತಾಯಿ.

ಮೀನೆನ್ನಲು ಇನ್ನೂ ಏನಿಲ್ಲ ಅದರಲ್ಲಿ.
ಹೊಲಿಗೆ ಬಿಚ್ಚಿದ ಬಿಳಿ ನೂಲಿನ ಚೂರು,
ತುದಿಗೆ ಎರಡು ಕರಿ ಚುಕ್ಕೆ.
ಚುಕ್ಕೆ ಮೂಡಿತೆಂದರೆ ಬುತ್ತಿ ಮುಗಿಯಿತೆಂದು ಲೆಕ್ಕ.
ತಾಯಿ ಮೊಟ್ಟೆಯೊಳಗೆ ಕಟ್ಟಿಕೊಟ್ಟ ಹಳದಿ ಬುತ್ತಿ
ಎರಡು ದಿನಕ್ಕೆ, ಬಹಳವೆಂದರೆ ಮೂರು.
ಆಮೇಲೆ ಬಾಯಿ ಬಿಡಬೇಕು,
ಬಿಟ್ಟ ಬಾಯಿಯ ಮುಂದೆ ಏನಾದರೂ ಇರಬೇಕು.

ಈಜು ಬರುವುದಿಲ್ಲ. ನೀರು ಒಯ್ದದ್ದೇ ಊರು.

ನನ್ನ ಅಪ್ಪ, ಕೊಯಿಪಾಡಿಯ ಮೋನಪ್ಪ ಪುತ್ರನ್,
ದೋಣಿಯಿಂದ ತೆಂಗಿನ ಸಿಪ್ಪೆಯೊಂದನ್ನು ಎಸೆದು
ಬೀಡಿ ಹಚ್ಚುತ್ತಾನೆ. ಬೀಡಿ ಮುಗಿಯುವಾಗ
ಸಿಪ್ಪೆ ಎಲ್ಲಿದೆ ಎಂದು ನೋಡುತ್ತಾನೆ.
"ತೆಂಕು ನೀರು. ಜೋರುಂಟು."
ನಮ್ಮ ಆಫೀಸಿನ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ.
ಹೇಳುವುದು ಅದನ್ನೇ. ಬೀಡಿ ಮಾತ್ರ ಸೇದುವುದಿಲ್ಲ.

ಮಳೆಗಾಲದ ಗಾಳಿ ಮೇಲಿನ ನೀರನ್ನು ತೆಂಕಿಗೆ ಅಟ್ಟುತ್ತದೆ,
ಅಟ್ಟುತ್ತ ಅಟ್ಟುತ್ತ ಕರೆಯಿಂದ ಆಚೆಗೂ ನೂಕುತ್ತದೆ.
ತೆರವಾದ ಜಾಗಕ್ಕೆ ತಳದ ತಣ್ಣೀರು ಏರಿ ಬರುತ್ತದೆ,
ಕೊಳೆತದ್ದನ್ನೆಲ್ಲ ಗೊಬ್ಬರವಾಗಿ ಹೊತ್ತು.
ಕಡಲು ಹಸಿರಾಗುತ್ತದೆ,
ಮರಿಗಳಿಗೆ ಅದೇ ಮೊದಲ ಗಂಜಿ.
ಆದರೆ ಏರಿದ್ದು ಹೆಚ್ಚಾದರೆ ಆ ತಣ್ಣೀರಲ್ಲಿ ಉಸಿರಿಲ್ಲ.
ನೂಕಿದ್ದು ಹೆಚ್ಚಾದರೆ ನಡುಗಡಲು, ನೀಲಿ, ಖಾಲಿ ಬಟ್ಟಲು.
ಏರದೇ ಹೋದರೆ ಬರೀ ಉಪ್ಪು.
ಇವುಗಳ ನಡುವೆ ಎಲ್ಲೋ ಒಂದು ಸುಳಿ,
ಹೋದಂತೆ ಮಾಡಿ, ತಿರುಗಿ,
ಕರೆಯ ಹತ್ತಿರ ತಂದುಬಿಡುವ ನೀರು.
ಅದರಲ್ಲಿ ಸಿಕ್ಕವು ಮೀನಾಗುತ್ತವೆ.
ಸಿಕ್ಕವು ಅಂದೆ. ಗೆದ್ದವು ಅನ್ನಲಿಲ್ಲ.

ನನಗಾಗ ಏಳು ವರ್ಷ.
ಮುತ್ತಕ್ಕಜ್ಜಿಯ ಮೀನುಬುಟ್ಟಿ ತೊಳೆಯಲೆಂದು
ಕುಂಬಳೆ ಹೊಳೆಯ ಅಳಿವೆಗೆ ಇಳಿದಿದ್ದೆ.
ಇಳಿತದ ಹೊತ್ತು. ಕಾಲಡಿಯ ಹೊಯ್ಗೆ ಜಾರಿತು.
ಆಕಾಶ ಒಮ್ಮೆ ಮೇಲೆ, ಒಮ್ಮೆ ಕೆಳಗೆ.
ಬೊಬ್ಬೆ ಹಾಕಲಿಲ್ಲ, ಬಾಯಿ ತುಂಬ ಉಪ್ಪು.
ಕೈಕಾಲು ಬಡಿದದ್ದೂ ನೆನಪಿಲ್ಲ.
ನೀರಿಗೆ ಏನು ತೋಚಿತೋ,
ಒಂದು ಸುತ್ತು ತಿರುಗಿ, ಮೊಗ್ರಾಲಿನ ದಿಕ್ಕಿನ ದಿಬ್ಬದ ಮೇಲೆ
ನನ್ನನ್ನು ಇಟ್ಟು ಹೋಯಿತು,
ಬಸ್ಸಿಳಿದವರು ಚೀಲ ಇಟ್ಟ ಹಾಗೆ.

ಎಲ್ಲರೂ ಓಡಿ ಬಂದರು.
ಬಲೆ ಕಟ್ಟುತ್ತಿದ್ದ ಅಂದುಂಞಿ ತಲೆಯ ತೋರ್ತು ಬಿಚ್ಚಿ ಹೊದಿಸಿದ.
ದೇವರು ದೊಡ್ಡವ ಎಂದರು, ಹುಡುಗಿ ಗಟ್ಟಿ ಎಂದರು.
ಅಜ್ಜಿ ಎರಡು ಬಾರಿಸಿದಳು, ಅಪ್ಪಿಕೊಂಡಳು,
ಆಮೇಲೆ ನನ್ನ ಹೆಗಲ ಮೇಲಿಂದ ಕಡಲನ್ನು ನೋಡಿ ಕೇಳಿದಳು:
"ಬುಟ್ಟಿ ಎಲ್ಲಿ ಹೆಣ್ಣೇ?"

ಬುಟ್ಟಿ ಬರಲಿಲ್ಲ.
ನನ್ನಿಂದ ಒಂದು ಮೊಳ ಆಚೆಗಿತ್ತು, ಅಷ್ಟೆ.
ಒಂದು ಮೊಳದಾಚೆ ಬೇರೆ ನೀರು.

ಈ ಸಲ ತಟ್ಟೆಯಲ್ಲಿ ಮೂವತ್ತೊಂದು.
ಹೋದ ಆಟಿಯಲ್ಲಿ ನಾಲ್ಕು.
ಕಾರಣದ ಅಂಕಣದಲ್ಲಿ ಸಾಹೇಬರು
ಉಷ್ಣತೆ, ಗಾಳಿ, ಲವಣ ಎಂದು ಬರೆಯುತ್ತಾರೆ.
ಸುಳ್ಳಲ್ಲ.
ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ,
ಮೂವತ್ತೊಂದು, ಒಳ್ಳೆಯ ವರ್ಷ ಇರಬಹುದು ಎಂದು.
ಸಾರಿನ ಬೂತಾಯಿಯ ಮುಳ್ಳು ಬಿಡಿಸುತ್ತ ಅವನು
"ಬಾಟಲಿಯಲ್ಲಿ ಉಂಟು ಅಂತಾದರೆ
ಅವು ಕಡಲಲ್ಲಿ ಇಲ್ಲವಲ್ಲ" ಎಂದ.

ಇವತ್ತು ಮತ್ತೆ ದೀಪದ ಕೆಳಗೆ
ಮೂವತ್ತೊಂದು ಜೊತೆ ಚುಕ್ಕೆ, ನನ್ನನ್ನೇ ನೋಡುತ್ತ.
ಎಣಿಸಿ ಮುಗಿದಿದೆ, ಏಳಲು ಮನಸ್ಸಿಲ್ಲ.
ಇವುಗಳಿಂದ ಒಂದು ಮೊಳ ಆಚೆಗಿದ್ದವು
ಈಗ ಪಯ್ಯನ್ನೂರು ದಾಟಿರಬೇಕು,
ಬಾಯಿ ಬಿಟ್ಟುಕೊಂಡು.